ಹೊಳೆ ದಾಟಿಸುವುದೋ ಬೇಡವೋ

ಹೆರಿಗೆ ದಾದಿಯಾಗಿ ಕೆಲಸಕ್ಕೆ ಸೇರಿದೆ, ಹೆರಿಗೆ ದಾದಿಯಾಗಿಯೇ ಹೊರಗೆ ಬಂದೆ. ನಡುವೆ ಯಾವ ಬಡ್ತಿ ಬಂತು, ಯಾರು ಶಾಲು ಹೊದೆಸಿದರು ಎಂದು ಬರೆಯಲು ಹೊರಟರೆ ಅರ್ಧ ಪುಟಕ್ಕೆ ಮುಗಿದುಹೋಗುತ್ತದೆ. ಈಗ ಇದೇ ಕೆಲಸಕ್ಕೆ ಸೇರುವ ಹುಡುಗಿಯರು ಆಗೊಮ್ಮೆ ಈಗೊಮ್ಮೆ ಬ್ರಹ್ಮಾವರದ ನನ್ನ ಮನೆಗೆ ಬರುವುದುಂಟು. ಎಲ್ಲರದೂ ಒಂದೇ ಪ್ರಶ್ನೆ. ಯಾವ ಬಸುರಿಗೆ ಕಷ್ಟವಾಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ನಿಮಗೆ ಹೇಗೆ ಗೊತ್ತಾಗುತ್ತಿತ್ತು? ಗೊತ್ತಾಗುತ್ತಿರಲಿಲ್ಲ ಮಾರಾಯ್ತಿ ಎಂದರೆ ನಂಬುವುದಿಲ್ಲ. ಮುದುಕಿ ವಿನಯ ತೋರಿಸುತ್ತಾಳೆ ಎಂದುಕೊಂಡು ನಗುತ್ತಾರೆ. ನನಗೆ ವಿನಯದ ರೋಗ ಇಲ್ಲವೆಂದು ನನ್ನ ಜೊತೆ ಕೆಲಸ ಮಾಡಿದವರಿಗೆಲ್ಲ ಗೊತ್ತು.

ನಮ್ಮ ಕಾಲದಲ್ಲಿ ಈ ಪ್ರಶ್ನೆಗೆ ಇನ್ನೊಂದು ರೂಪವಿತ್ತು. ಹೊಳೆ ದಾಟಿಸುವುದೋ ಬೇಡವೋ? ಕುಂದಾಪುರದ ಕಡೆ ಎಲ್ಲಿಂದ ಎಲ್ಲಿಗೆ ಹೊರಟರೂ ಒಂದು ಹೊಳೆ ಅಡ್ಡ ಬರುತ್ತದೆ. ಒಳಗಿನ ಊರಿನಿಂದ ಬಸುರಿಯನ್ನು ಪೇಟೆಯ ಆಸ್ಪತ್ರೆಗೆ ಸಾಗಿಸುವುದೆಂದರೆ ಬಿದಿರಿಗೆ ಕಂಬಳಿ ಕಟ್ಟಿದ ಜೋಲಿ, ಅದನ್ನು ಹೊರಲು ನಾಲ್ಕು ಗಂಡಸರು, ಒಂದು ದೋಣಿ, ಆಚೆ ದಡದಲ್ಲಿ ಅದೃಷ್ಟವಿದ್ದರೆ ಬಸ್ಸು. ಮಳೆಗಾಲದಲ್ಲಿ ನೀರು ಏರಿತೆಂದರೆ ದೋಣಿಯವನೂ ಕೈ ಮುಗಿಯುತ್ತಿದ್ದ. ಹಾಗಾಗಿ ನೋವು ಬರುವ ಮೊದಲೇ, ಹೆಂಗಸು ನಗುತ್ತ ಅಕ್ಕಿ ಗೇರುತ್ತಿರುವಾಗಲೇ, ಇವಳನ್ನು ದಾಟಿಸಬೇಕು ಅಥವಾ ಬೇಡ ಎಂದು ಹೇಳಬೇಕಾಗುತ್ತಿತ್ತು. ಸುಮ್ಮನೆ ದಾಟಿಸಿದರೆ ಊರು ನಗುತ್ತದೆ. ದಾಟಿಸಬೇಕಾದವಳನ್ನು ದಾಟಿಸದೆ ಉಳಿಸಿಕೊಂಡರೆ ಒಂದು ಜೀವ ಹೋಗುತ್ತದೆ. ನನ್ನ ಇಡೀ ನೌಕರಿ ಈ ಒಂದು ಮಾತಿನ ಮೇಲೆ ನಿಂತಿತ್ತು.

ತರಬೇತಿ ಮಂಗಳೂರಿನಲ್ಲಿ ಆಯಿತು. ಅಲ್ಲಿ ದಿನವಿಡೀ ಹೆರಿಗೆ. ಬೆಳಿಗ್ಗೆ ಹೊಟ್ಟೆ ಮುಟ್ಟಿ ನೋಡಿ ನಾನು ಹೇಳಿದ್ದು ಸರಿಯೋ ತಪ್ಪೋ ಸಂಜೆಯೊಳಗೆ ಕಣ್ಣೆದುರಿಗೇ ತಿಳಿಯುತ್ತಿತ್ತು. ತಪ್ಪಿದರೆ ಹಿರಿಯ ದಾದಿ ಎಲ್ಲರೆದುರಿಗೆ ಬೈಯುತ್ತಿದ್ದರು. ಕೋರ್ಸು ಮುಗಿಯುವಾಗ ನನ್ನ ಬೆರಳಿಗೆ ಕಣ್ಣು ಬಂದಿದೆ ಎಂದೇ ನಂಬಿದ್ದೆ. ಮದರಾಸಿನ ಆಡಳಿತ ಹೋಗಿ ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಕೈಯಲ್ಲಿ ಹೆರಿಗೆ ಚೀಲ ಹಿಡಿದು ಬ್ರಹ್ಮಾವರದಿಂದ ಒಳಗಿರುವ ಒಂದು ಹೊಳೆಬದಿಯ ಊರಿಗೆ ಬಂದೆ. ಚೀಲದಲ್ಲಿ ಕತ್ತರಿ, ದಾರ, ಮಗುವಿನ ಎದೆಬಡಿತ ಕೇಳುವ ಮರದ ಕೊಳವೆ. ತಲೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಧೈರ್ಯ.

ಮೊದಲ ಮಳೆಗಾಲದಲ್ಲೇ ತಪ್ಪಿದೆ. ತೀರ ಗಿಡ್ಡ ಹುಡುಗಿ, ಚೊಚ್ಚಲು. ಗಿಡ್ಡ ಹೆಂಗಸರ ಚೊಚ್ಚಲು ಹೆರಿಗೆಯಲ್ಲಿ ದಾರಿ ಇಕ್ಕಟ್ಟಾಗಬಹುದು, ಎಚ್ಚರ ಎಂದು ಪುಸ್ತಕದಲ್ಲಿ ಓದಿದ್ದೆ. ಆದರೆ ಹುಡುಗಿ ಎಷ್ಟು ಚುರುಕಾಗಿದ್ದಳೆಂದರೆ ನನ್ನನ್ನು ಕೂರಿಸಿ ತಾನೇ ಕಾಫಿ ಮಾಡಿಕೊಟ್ಟಿದ್ದಳು. ಇರಲಿ, ಆಗುತ್ತದೆ ಎಂದೆ. ನೋವು ಬಂದು ಒಂದೂವರೆ ದಿನವಾದರೂ ತಲೆ ಕೆಳಗೆ ಇಳಿಯಲಿಲ್ಲ. ಜೋಲಿ ಕಟ್ಟಿಸಿ ಆಸ್ಪತ್ರೆ ಮುಟ್ಟಿಸುವಾಗ ಕೊಳವೆಯಲ್ಲಿ ಕೇಳಲು ಏನೂ ಉಳಿದಿರಲಿಲ್ಲ. ಹುಡುಗಿ ಬದುಕಿದಳು, ಮಗು ಇಲ್ಲ.

ನನ್ನ ಮೇಲೆ ಆಗ ಒಬ್ಬ ವೈದ್ಯಾಧಿಕಾರಿ ಇದ್ದರು. ಅವರಿಗೆ ಎಲ್ಲವೂ ಮೊದಲೇ ಗೊತ್ತಿರುತ್ತಿತ್ತು, ಆದರೆ ಹೇಳುತ್ತಿದ್ದುದು ಮಾತ್ರ ಆಮೇಲೆ. "ನನಗೆ ಮೊದಲೇ ಅನಿಸಿತ್ತು" ಎಂದು ಕನ್ನಡಕ ಒರೆಸಿಕೊಂಡರು. ಆ ಹುಡುಗಿಯನ್ನು ಅವರು ನೋಡಿಯೇ ಇರಲಿಲ್ಲ. ಆದರೂ ಆ ಮಾತು ನನಗೆ ಸರಿಯಾಗಿ ನಾಟಿತು. ಅಂದಿನಿಂದ ಗಿಡ್ಡ ಹೆಂಗಸು ಕಂಡರೆ ಸಾಕು, ದಾಟಿಸಿ ಎನ್ನುತ್ತಿದ್ದೆ. ಎರಡನೇ ಹೆರಿಗೆಯಾಗಲಿ ಮೂರನೆಯದಾಗಲಿ, ನಾನು ಕೇಳುತ್ತಿರಲಿಲ್ಲ. ಕಣ್ಣ ಮುಂದೆ ಆ ಒಂದು ಮನೆಯೇ ನಿಲ್ಲುತ್ತಿತ್ತು. ಹೋದವರು ಹೋದ ದಿನವೇ ಸುಖವಾಗಿ ಹೆತ್ತು, ಜೋಲಿ ಹೊತ್ತವರ ಕೈಲಿ ಬೈಸಿಕೊಂಡು ಮನೆಗೆ ಮರಳುತ್ತಿದ್ದರು. ಊರವರು ನನಗೊಂದು ಹೆಸರಿಟ್ಟರು, "ಹೊಳಿ ದಾಟ್ಸು ಅಮ್ಮ". ಕೊನೆಗೆ ಕೆಲವು ಮನೆಯವರು ನನ್ನನ್ನು ಕರೆಯುವುದನ್ನೇ ಬಿಟ್ಟರು. ಕರೆಯದ ಒಂದು ಮನೆಯಲ್ಲಿ ಕಾಲು ಊದಿ, ತಲೆನೋವು ಬಂದು, ಕಣ್ಣು ಮಂಜಾಗಿ, ಸೆಳವು ಬಂದ ಹೆಂಗಸೊಬ್ಬಳು ತೀರಿಹೋದಳು. ಅವಳು ಉದ್ದಕ್ಕಿದ್ದಳು, ಗಟ್ಟಿಮುಟ್ಟಾಗಿದ್ದಳು. ನನ್ನನ್ನು ಕರೆದಿದ್ದರೂ ನಾನು ಅವಳನ್ನು ದಾಟಿಸುತ್ತಿದ್ದೆನೋ ಇಲ್ಲವೋ ಹೇಳಲಾರೆ.

ನಾನಿದ್ದುದು ಒಂದು ಕೋಣೆ, ಒಂದು ಜಗಲಿಯ ಬಾಡಿಗೆ ಮನೆ. ಗಂಡ ಬೊಂಬಾಯಿಯ ಹೋಟೆಲಿಗೆಂದು ಹೋದವರು ಮೊದಲು ತಿಂಗಳಿಗೊಂದು ಕಾಗದ ಬರೆದರು, ಆಮೇಲೆ ಹಬ್ಬಕ್ಕೊಂದು, ಆಮೇಲೆ ಇಲ್ಲ. ಬರುತ್ತಾರೋ ಇಲ್ಲವೋ ಎಂದು ನಾನು ವರ್ಷಗಟ್ಟಲೆ ಅಂದಾಜು ಹಾಕಿದ್ದೇನೆ. ಸುದ್ದಿಯೇ ಬಾರದ ವಿಷಯದಲ್ಲಿ ಎಷ್ಟು ಅಂದಾಜು ಹಾಕಿದರೂ ಬುದ್ಧಿ ಬರುವುದಿಲ್ಲ. ಇದು ಕೆಲಸಕ್ಕೂ ಸಲ್ಲುವ ಮಾತು ಎಂದು ನನಗೆ ತಿಳಿಯಲು ಇನ್ನಷ್ಟು ಕಾಲ ಬೇಕಾಯಿತು.

ಅಲ್ಲಿಂದ ವಂಡ್ಸೆಯ ಆಚೆಗಿನ ಒಂದು ಹಳ್ಳಿಗೆ ವರ್ಗವಾಯಿತು. ನಮ್ಮ ಮೇಲಿನವರೂ ಬದಲಾದರು. ಬಂದವರು ಒಬ್ಬ ಲೇಡಿ ಡಾಕ್ಟರು, ಮಂಗಳೂರಿನ ಕಡೆಯವರು, ಮಾತು ಕಡಿಮೆ. ನಾನು ಒಂದು ವರ್ಷ ಕಳಿಸಿದ ಹೆಂಗಸರ ಪಟ್ಟಿ ಹಿಡಿದು ಅವರು ಮೊದಲ ಭೇಟಿಯಲ್ಲೇ ಕೇಳಿದರು.

"ಇಷ್ಟು ಜನರನ್ನು ಕಳಿಸಿದ್ದೀರಿ. ಇವರಲ್ಲಿ ಎಷ್ಟು ಜನ ಮನೆಯಲ್ಲೇ ಹೆರಬಹುದಿತ್ತು?"

"ಗೊತ್ತಿಲ್ಲ ಮೇಡಂ."

"ಕಳಿಸದೆ ಇಟ್ಟುಕೊಂಡವರಲ್ಲಿ ಎಷ್ಟು ಜನರಿಗೆ ಆಮೇಲೆ ಜ್ವರ ಬಂತು? ಎಷ್ಟು ಮಕ್ಕಳು ತಿಂಗಳು ದಾಟಲಿಲ್ಲ?"

ಅದೂ ಗೊತ್ತಿರಲಿಲ್ಲ. "ಹಾಗಾದರೆ ಇಷ್ಟು ವರ್ಷ ನೀವು ಕಲಿತದ್ದು ಏನು?" ಎಂದರು. ಬೈದದ್ದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು. ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಅವರು ನನಗೆ ಒಂದು ನೋಟುಪುಸ್ತಕ ಕೊಟ್ಟರು. ಬಸುರಿಯನ್ನು ನೋಡಿದ ದಿನವೇ, ಆ ಮನೆಯ ಜಗಲಿ ಇಳಿಯುವ ಮೊದಲೇ, ಮಸಿಯಲ್ಲಿ ಒಂದು ಅಂಕೆ ಬರೆಯಬೇಕು. ಇಂಥ ಹತ್ತು ಹೆಂಗಸರಿದ್ದರೆ ಅವರಲ್ಲಿ ಎಷ್ಟು ಜನ ಮನೆಯಲ್ಲೇ ತೊಂದರೆಯಿಲ್ಲದೆ ಹೆರುತ್ತಾರೆ? ಒಂಬತ್ತೋ, ಏಳೋ, ಐದೋ. ಬರೆದ ಮೇಲೆ ಹೊಡೆದು ಹಾಕುವಂತಿಲ್ಲ. ಎದುರಿನ ಕಾಲಂ ಖಾಲಿ. ಏನಾಯಿತು ಎಂದು ತಿಳಿದ ಮೇಲೆ ಅಲ್ಲಿ ತುಂಬಬೇಕು. "ಪೆನ್ಸಿಲ್ ಬೇಡ. ಪೆನ್ಸಿಲಿನಲ್ಲಿ ಬರೆದರೆ ಎಲ್ಲರಿಗೂ ಎಲ್ಲ ಮೊದಲೇ ಗೊತ್ತಿರುತ್ತದೆ" ಎಂದರು. ಹಳೆಯ ಸಾಹೇಬರ ನೆನಪಾಗಿ ನನಗೆ ನಗು ಬಂತು. ಅವರು ನಗಲಿಲ್ಲ.

ನಾನು ದಾಟಿಸಿದವರ ಬಗ್ಗೆ ಒಂದೊಂದು ಸಾಲು ಬರೆದು ಕಳಿಸುವುದಾಗಿ ಅವರೇ ಒಪ್ಪಿಕೊಂಡರು. ವಾರಕ್ಕೊಂದು ಕಾರ್ಡು ಬರುತ್ತಿತ್ತು. "ತಾನೇ ಹೆತ್ತಳು." "ಕೈ ಹಾಕಬೇಕಾಯಿತು." "ಒಳ್ಳೆಯದಾಯಿತು ಕಳಿಸಿದ್ದು." ಬೊಂಬಾಯಿಯಿಂದ ಏನೂ ಬಾರದಿದ್ದ ಕಾಲದಲ್ಲಿ ಪೋಸ್ಟ್‌ಮ್ಯಾನ್ ನನ್ನ ಜಗಲಿ ಹತ್ತುತ್ತಿದ್ದುದು ಈ ಕಾರ್ಡುಗಳಿಗಾಗಿ ಮಾತ್ರ.

ಊರಲ್ಲೇ ಉಳಿದವರ ಸುದ್ದಿ ತಿಳಿಯುವುದು ಇನ್ನೂ ಕಷ್ಟ. ಹೆತ್ತ ಮನೆಯಲ್ಲಿ ಅಮೆ, ಅಂದರೆ ಹೆರಿಗೆಯ ಮೈಲಿಗೆ. ಅಷ್ಟು ದಿನ ಮೀಯಿಸುವವಳನ್ನು ಬಿಟ್ಟರೆ ಯಾರೂ ಅಲ್ಲಿಗೆ ಹೋಗುವುದಿಲ್ಲ, ಅಲ್ಲಿಂದ ಬರುವುದಿಲ್ಲ. ಎಲ್ಲ ಸರಿಯಾಗಿದ್ದರೆ ಅಮೆ ಕಳೆದ ಮೇಲೆ ನನಗೆ ಬಾಳೆಗೊನೆಯೋ ಒಂದು ಡಬ್ಬಿ ಬೆಲ್ಲವೋ ಬರುತ್ತಿತ್ತು. ಮಗು ಹೋಗಿದ್ದರೆ ಯಾರೂ ಬಂದು ಹೇಳುವುದಿಲ್ಲ. ದಾದಿಗೆ ಏನೆಂದು ಹೇಳುವುದು? ದಾರಿಯಲ್ಲಿ ಸಿಕ್ಕರೆ ಬೇರೆ ದಾರಿ ಹಿಡಿಯುತ್ತಾರೆ. ಹೀಗೆ ನನ್ನ ಮನೆ ಬಾಗಿಲಿಗೆ ಬರುತ್ತಿದ್ದುದು ಬರೀ ಒಳ್ಳೆಯ ಸುದ್ದಿ. ಬೆಲ್ಲದ ಡಬ್ಬಿ ಎಣಿಸಿಕೊಂಡು ನಾನು ಒಳ್ಳೆಯ ದಾದಿ ಎಂದುಕೊಂಡಿದ್ದೆ.

ಆ ಊರಿನಲ್ಲಿ ಬಚ್ಚಿ ಎಂಬ ಮುದುಕಿ ಇದ್ದಳು. ನಾನು ಬರುವ ಮೊದಲು ಎಲ್ಲ ಹೆರಿಗೆ ಅವಳದೇ. ನಾನು ಬಂದ ಮೇಲೆ ಅವಳಿಗೆ ಉಳಿದದ್ದು ಬಾಳಂತಿಗೂ ಮಗುವಿಗೂ ಎಣ್ಣೆ ಹಚ್ಚಿ ಮೀಯಿಸುವ ಕೆಲಸ. ನಲವತ್ತು ದಿನ, ದಿನಾ ಬೆಳಿಗ್ಗೆ. ಓದಿಲ್ಲದವಳು, ಕತ್ತರಿ ಕುದಿಸದವಳು ಎಂದು ನನಗೆ ಅವಳ ಬಗ್ಗೆ ತಾತ್ಸಾರವಿತ್ತು. ಆದರೆ ಒಂದು ಸಲ ಒಂದೇ ಹೊಟ್ಟೆಯನ್ನು ನಾವಿಬ್ಬರೂ ಮುಟ್ಟಿ ನೋಡಿದಾಗ ನಾನು ಒಂಬತ್ತು ಎಂದು ಬರೆದೆ, ಅವಳು ತಲೆ ಅಲ್ಲಾಡಿಸಿದಳು.

"ಇಂಥಾ ಹೊಟ್ಟಿ ನಾ ಆರ್ ಕಂಡಿದೆ ಅಮ್ಮ. ಮೇಲ್ಮನಿ ಪದ್ದುದ್, ಹೊಳಿಬಾಗ್ಲ್ ಸೀತುದ್..." ಎಂದು ಆರು ಮನೆಯ ಹೆಸರು ಹೇಳಿ ಬೆರಳು ಮಡಚಿದಳು. "ನಾಕ್ ಸಮ ಆಯ್ತ್. ಒಂದ್ ಮಗು ಹೋಯ್ತ್. ಒಬ್ಳಿಗ್ ಆರನೇ ದಿನ ಜರ ಬಂದ್ ಹೋಯ್ಬಿಟ್ಲ್."

ಆ ಬಸುರಿಗೆ ಹೆರಿಗೆ ಸುಸೂತ್ರವಾಯಿತು. ನಾನು ಗೆದ್ದೆ ಎಂದುಕೊಂಡೆ. ಬಚ್ಚಿ ಬಂದು ಕರೆದಳು. "ಬನ್ನಿ ಅಮ್ಮ, ನಾಳೆ ಮೀಸುಕ್ ಹೋಪ. ನೀವೂ ಕಾಣಿ." ಐದನೆಯ ದಿನ ಹೋದರೆ ಬಾಳಂತಿಯ ಮೈ ಕೆಂಡ. ತಡಮಾಡದೆ ದಾಟಿಸಿ ಬದುಕಿಸಿಕೊಂಡೆವು. ವಾಪಸು ಬರುವಾಗ ಗದ್ದೆಯಂಚಿನಲ್ಲಿ ಬಚ್ಚಿ ಹೇಳಿದಳು, "ನೀವ್ ಕತ್ರಿ ತೊಳ್ಕಂಡ್ ಹೋತ್ರಿ ಅಮ್ಮ. ನಾ ನೀರ್ ಕಾಸುಕ್ ಬತ್ತೆ. ಮಗು ಅತ್ತದ್ ನೀವ್ ಕಂಡದ್ದ್. ಅದ್ ಹಾಲ್ ಕುಡ್ದದ್ದ್, ಕುಡೀದಿದ್ದದ್ದ್ ನಾ ಕಂಡದ್ದ್." ಅವಳಿಗೆ ನನಗಿಂತ ಹೆಚ್ಚು ಗೊತ್ತಿತ್ತೆಂದಲ್ಲ, ಅವಳು ನನಗಿಂತ ಹೆಚ್ಚು ಹೊತ್ತು ಅಲ್ಲಿರುತ್ತಿದ್ದಳು.

ಮರುದಿನದಿಂದ ನಾನೂ ಅವಳ ಜೊತೆ ಬಚ್ಚಲಿನ ಹೊಸ್ತಿಲಲ್ಲಿ ಕೂರಲು ಶುರುಮಾಡಿದೆ. ಬಚ್ಚಿ ಹೋಗದ ಮನೆಗಳಿಗೆ ಭಾನುವಾರ ನಾನೇ ನಡೆದುಹೋಗಿ ಕೇಳುತ್ತಿದ್ದೆ. ಹೆಣ್ಣೋ ಗಂಡೋ ಎಂದಲ್ಲ, ಇದೆಯೋ ಇಲ್ಲವೋ ಎಂದು. ಮಗು ಹೋದ ಮನೆಯ ಅಂಗಳದಲ್ಲಿ ನಿಂತು ಅದನ್ನು ಕೇಳುವುದು ಎಂಥ ಕೆಲಸ ಎಂದು ವಿವರಿಸಲಾರೆ. ಕೆಲವರು ನೀರು ಕೊಟ್ಟರು, ಕೆಲವರು ಒಳಗಿನಿಂದಲೇ ಉತ್ತರಿಸಿದರು. ಒಬ್ಬಾಕೆ, "ಹ್ವಾಯ್, ಮತ್ತೆಂತಕ್ ಬಂದ್ರಿ? ಇನ್ನೆಂತ ಇತ್ತ್ ಇಲ್ಲಿ?" ಎಂದು ಕೂಗಿದಳು. ಹೇಳುವುದೆಲ್ಲ ಹೇಳಿಸಿಕೊಂಡು, ಕೇಳಬೇಕಾದ್ದು ಕೇಳಿಕೊಂಡು ಬಂದು ಕಾಲಂ ತುಂಬಿದೆ. ತೊಟ್ಟಿಲಿಗೆ ಹಾಕುವ ದಿನ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಹಬ್ಬಕ್ಕೂ ಇಲ್ಲ. ನನ್ನನ್ನು ಕಂಡರೆ ನೋವು ನೆನಪಾಗುತ್ತದೆಂದು ಕಾಣುತ್ತದೆ. ಭಾನುವಾರಗಳು ಹಾಗೇ ಕಳೆದವು.

ಎರಡು ವರ್ಷ ಕಳೆಯುವಷ್ಟರಲ್ಲಿ ಪುಸ್ತಕ ನನ್ನನ್ನು ತಿದ್ದತೊಡಗಿತು. ಗಿಡ್ಡ ಹೆಂಗಸರಿಗೆಲ್ಲ ನಾನು ಐದು ಎಂದು ಬರೆಯುತ್ತಿದ್ದೆ. ಮೊದಲು ಒಂದು ಸಲ ಸುಖವಾಗಿ ಹೆತ್ತ ಗಿಡ್ಡ ಹೆಂಗಸರು ಹೆಚ್ಚುಕಡಿಮೆ ಎಲ್ಲರೂ ಮತ್ತೆ ಸುಖವಾಗಿಯೇ ಹೆತ್ತಿದ್ದರು. ಕಾಲು ಊದಿದವರಿಗೆ ಎಂಟು ಎಂದು ಧಾರಾಳವಾಗಿ ಬರೆದಿದ್ದೆ. ಊತದ ಜೊತೆ ತಲೆನೋವೂ ಇದ್ದವರು ಸಾಲಾಗಿ ತೊಂದರೆಗೆ ಬಿದ್ದಿದ್ದರು. ಒಂದು ಮನೆಯ ದುಃಖದಿಂದ ನಾನು ಕಲಿತದ್ದು ತಪ್ಪು ಪಾಠ. ನಿಧಾನವಾಗಿ ಅಂಕೆಗಳು ಸರಿಹೋದವು. ದಾಟಿಸುವುದು ಕಡಿಮೆಯಾಯಿತು, ದಾಟಿಸಿದವರ ಕಾರ್ಡಿನಲ್ಲಿ "ಒಳ್ಳೆಯದಾಯಿತು ಕಳಿಸಿದ್ದು" ಹೆಚ್ಚಾಯಿತು. ಊರವರು ನನ್ನ ಮಾತಿಗೆ ಬೆಲೆ ಕೊಡತೊಡಗಿದರು. ನನಗೂ ಸ್ವಲ್ಪ ಜಂಬ ಬಂತು. ಮಾತಾಡಲು ಮನೆಯಲ್ಲಿ ಯಾರೂ ಇಲ್ಲದವಳಿಗೆ ಆ ಪುಸ್ತಕವೇ ಜೊತೆ. ಬಿಡುವಾದಾಗ ತೆರೆದು ಕಾಲಂಗಳನ್ನು ನೋಡುತ್ತ ಕೂರುತ್ತಿದ್ದೆ.

ಮೂಕಾಂಬು ಎಂಬವರ ಮನೆಗೆ ನಾನು ಹೋದದ್ದು ಇಂಥ ಒಳ್ಳೆಯ ಕಾಲದಲ್ಲಿ.

ಮೂಕಾಂಬು ವಿಧವೆ, ಒಬ್ಬಳೇ ಮಗಳು ಗುಲಾಬಿ. ನಮ್ಮ ಕಡೆಯ ಅಳಿಯಸಂತಾನದ ಮನೆ, ಮಗಳು ತಾಯಿಯ ಜೊತೆಯಲ್ಲೇ ಇದ್ದಳು. ಗುಲಾಬಿಗೆ ಅದು ಎರಡನೇ ಬಸುರು. ಮೊದಲನೆಯ ಗಂಡುಮಗು ಮನೆಯಲ್ಲೇ ಸುಖವಾಗಿ ಹುಟ್ಟಿತ್ತು, ಆದರೆ ಮಗುವಿನ ಹಿಂದೆ ಬರಬೇಕಾದ ಮಾಸು ಬೀಳಲು ತಡವಾಗಿ ರಕ್ತ ಹೆಚ್ಚು ಹೋಗಿತ್ತಂತೆ. ಮತ್ತೆಲ್ಲ ಸರಿ. ಊತವಿಲ್ಲ, ತಲೆ ಕೆಳಗಿದೆ, ಎದೆಬಡಿತ ಗಟ್ಟಿ. ಮಾಸು ಒಮ್ಮೆ ತಡವಾದವರಿಗೆ ಮತ್ತೆ ಹಾಗೇ ಆಗಬಹುದೆಂದು ನನ್ನ ನೋಟುಪುಸ್ತಕವೂ ಹೇಳುತ್ತಿತ್ತು, ಆದರೆ ಅದರಲ್ಲಿದ್ದ ಬಹಳ ಮಂದಿಗೆ ಆಗಿರಲಿಲ್ಲ. ಜಗಲಿಯಲ್ಲಿ ಕೂತು ನಾನು ಒಂಬತ್ತು ಎಂದು ಬರೆದೆ.

ಆಗಿನ್ನೂ ಹೊಳೆ ದಾಟುವಂತಿತ್ತು. ಕುಂದಾಪುರದಲ್ಲಿ ನೆಂಟರ ಮನೆಯೂ ಇತ್ತು, ಎರಡು ವಾರ ಮೊದಲೇ ಹೋಗಿ ಇರಬಹುದಿತ್ತು. ಆದರೆ ನಾಟಿಯ ಸಮಯ. ಗುಲಾಬಿ ಹೋದರೆ ಜೊತೆಗೆ ತಾಯಿ ಹೋಗಬೇಕು, ತಾಯಿ ಹೋದರೆ ಗದ್ದೆ ನೋಡುವವರಿಲ್ಲ. ಮೂಕಾಂಬು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡೇ ಅಂಗಳದಲ್ಲಿ ನಿಂತು ಕೇಳಿದರು.

"ಅಮ್ಮ, ನಂಗ್ ಉದ್ದ ಮಾತ್ ಬ್ಯಾಡ. ಆತ್ತಾ, ಆತಿಲ್ಯಾ? ಒಂದ್ ಮಾತ್ ಹೇಳಿ, ಸಾಕ್."

ಕಂಕುಳಲ್ಲಿ ನೋಟುಪುಸ್ತಕ ಇತ್ತು, ಅದರಲ್ಲಿ ಮಸಿ ಇನ್ನೂ ಒಣಗಿರಲಿಲ್ಲ.

"ಆತ್ತ್. ಎಂತ ಹೆದ್ರುದ್ ಬ್ಯಾಡ" ಎಂದೆ.

ಅವರ ಮುಖದಲ್ಲಿ ಬಂದ ನೆಮ್ಮದಿ ನೋಡಿ ನನಗೂ ಸಂತೋಷವಾಯಿತು. ಬಾಯ್ತುಂಬ ಮಾತಾಡಿಸಿ, ಮಜ್ಜಿಗೆ ಕೊಟ್ಟು ಕಳಿಸಿದರು.

ಹನ್ನೆರಡು ದಿನ ಕಳೆದು, ಮಳೆ ಜಡಿದು ಹೊಳೆ ಕೆಂಪಗೆ ತುಂಬಿದ ಮೇಲೆ, ಒಂದು ದಿನ ಬೆಳಿಗ್ಗೆ ಕರೆ ಬಂತು. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಚೆನ್ನಾಗಿ ಅತ್ತಿತು. ಗುಲಾಬಿ, "ಎಂತ ಮಗು?" ಎಂದು ಕೇಳಿ, ಹೆಣ್ಣೆಂದು ತಿಳಿದು ನಕ್ಕಳು. ಮಾಸು ಬೀಳಲಿಲ್ಲ. ಕಾದೆ. ರಕ್ತ ಶುರುವಾಯಿತು. ನನ್ನಲ್ಲಿ ರಕ್ತ ನಿಲ್ಲಿಸುವ ಇಂಜೆಕ್ಷನ್ ಎರಡಿದ್ದವು, ಎರಡನ್ನೂ ಕೊಟ್ಟೆ. ಹೊಟ್ಟೆ ಒತ್ತಿ ಹಿಡಿದೆ. ಕಲಿತದ್ದೆಲ್ಲ ಮಾಡಿದೆ. ಜನ ಹೊಳೆಯವರೆಗೆ ಓಡಿಹೋಗಿ ಬಂದು ದೋಣಿ ಬಿಡುವಂತಿಲ್ಲ ಎಂದರು. ಗುಲಾಬಿ ಚಳಿ ಎಂದಳು, ಹೊದೆಸಿದೆವು. ಆಮೇಲೆ ಬಾಯಾರಿಕೆ ಎಂದಳು. ದನಗಳು ಹಟ್ಟಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನನ್ನ ಎರಡೂ ಕೈ ಇನ್ನೂ ಅವಳ ಹೊಟ್ಟೆಯ ಮೇಲೆ ಇದ್ದವು. ಬಚ್ಚಿ ಬಂದು ಅವನ್ನು ಎತ್ತಿ ತೆಗೆದಳು.

ಮೂಕಾಂಬು ಮಗುವನ್ನು ಎತ್ತಿಕೊಂಡು ಒಳಗೆ ಹೋದರು.

ಮುಂದಿನ ತಿಂಗಳು ಲೇಡಿ ಡಾಕ್ಟರು ನನ್ನ ಪುಸ್ತಕ ತರಿಸಿ ನೋಡಿದರು. ಒಂಬತ್ತು ಎಂದು ಬರೆದ ಹೆಂಗಸರನ್ನೆಲ್ಲ ಬೇರೆ ಹಾಳೆಯಲ್ಲಿ ಗುರುತು ಮಾಡಿ ಎಣಿಸಿದರು, ಗುಲಾಬಿಯನ್ನೂ ಸೇರಿಸಿ. ಹೆಚ್ಚುಕಡಿಮೆ ಹತ್ತಕ್ಕೆ ಒಬ್ಬರಂತೆ ತೊಂದರೆಗೆ ಸಿಕ್ಕಿದ್ದರು. "ನೀವು ಬರೆದ ಅಂಕೆ ಸರಿ ಇದೆ. ನಿಮ್ಮ ಕಣ್ಣು ಪಳಗಿದೆ" ಎಂದರು. ಅವರ ಬಾಯಿಂದ ಹೊಗಳಿಕೆ ಕೇಳಿದ್ದು ಅದೊಂದೇ ಸಲ. ನಾನು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ವಂಡ್ಸೆಯವರೆಗೂ ಅತ್ತೆ. ಅಂಕೆ ತಪ್ಪಾಗಿದ್ದರೆ ತಿದ್ದಿಕೊಳ್ಳಬಹುದಿತ್ತು. ಸರಿಯಾದ ಅಂಕೆಯನ್ನು ಇಟ್ಟುಕೊಂಡು ಏನು ಮಾಡುವುದು?

ಎಲ್ಲ ಮನೆಗೂ ನಡೆದುಹೋಗಿ ಕೇಳುತ್ತಿದ್ದವಳು ಆ ಒಂದು ಮನೆಗೆ ಹೋಗಲಿಲ್ಲ. ಏನಾಯಿತೆಂದು ಗೊತ್ತಿದೆಯಲ್ಲ, ಮತ್ತೆ ಕೇಳಲು ಏನಿದೆ ಎಂದು ಸಮಾಧಾನ ಮಾಡಿಕೊಂಡೆ. ಆ ದಾರಿಯನ್ನೇ ಬಿಟ್ಟು ಗುಡ್ಡ ಸುತ್ತಿ ಹೋಗುತ್ತಿದ್ದೆ. ಹೀಗೆ ಒಂದೂವರೆ ವರ್ಷ ಕಳೆಯಿತು. ಬೈಂದೂರಿಗೆ ವರ್ಗದ ಕಾಗದ ಬಂತು. ಸಾಮಾನು ಕಟ್ಟುತ್ತಿರುವಾಗ ಬಚ್ಚಿ ಬಂದು ಜಗಲಿಯಲ್ಲಿ ಕೂತಳು.

"ಸಮಸ್ತ ಮನಿಗೂ ಹೋಯ್ ಕೇಂತ್ರಿ. ಆ ಮನಿಗ್ ಎಂತಕ್ ಹೋತಿಲ್ರಿ ಅಮ್ಮ?"

ನಾನು ಪೆಟ್ಟಿಗೆಗೆ ಬಟ್ಟೆ ತುಂಬುತ್ತಲೇ ಇದ್ದೆ. ಅವಳು ಎದ್ದು ಹೋಗಲಿಲ್ಲ. ಕೊನೆಗೆ ನಾನೇ ಕೊಡೆ ತೆಗೆದುಕೊಂಡು ಹೊರಟೆ.

ಮೂಕಾಂಬು ಅಂಗಳದಲ್ಲಿ ಹುರುಳಿ ಒಣಗಿಸುತ್ತಿದ್ದರು. ನನ್ನನ್ನು ಕಂಡು ಚಾಪೆ ಹಾಕಿದರು, ಬೆಲ್ಲ ನೀರು ತಂದಿಟ್ಟರು. ಬಾಗಿಲ ಮರೆಯಿಂದ ಒಂದು ಪುಟ್ಟ ಹುಡುಗಿ ಇಣುಕಿತು. ನಾನು ಕೈ ಚಾಚಿದೆ. ಅದು ಹೆದರಿ ಅಜ್ಜಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡಿತು.

"ಅದ್ಕ್ ನಿಮ್ಮ್ ಗುರ್ತ್ ಇಲ್ಲೆ" ಎಂದರು ಮೂಕಾಂಬು. ಮತ್ತೆ ಹುರುಳಿ ಹರಡುತ್ತ, "ಅವತ್ತ್ ನೀವ್ ಆತ್ತ್ ಅಂದ್ರಿ. ಒಳ್ಗೆ ನಿಮ್ಗ್ ಹೆದ್ರಿಕಿ ಇತ್ತಾ?" ಎಂದು ಕೇಳಿದರು.

ಸುಳ್ಳು ಹೇಳಲು ನಾಲಗೆ ಬರಲಿಲ್ಲ. "ಇತ್ತ್."

"ಎಷ್ಟ್ ಇತ್ತ್?"

ಹಾಗೆ ಕೇಳುತ್ತಾರೆಂದು ನಾನು ನೆನೆಸಿರಲಿಲ್ಲ. ಅಷ್ಟು ವರ್ಷದಲ್ಲಿ ಯಾವ ತಾಯಿಯೂ ಹಾಗೆ ಕೇಳಿರಲಿಲ್ಲ. "ಹತ್ತ್ರಗ್ ಒಂದ್" ಎಂದೆ.

"ನಂಗ್ ಎಂತಕ್ ಹೇಳ್ಲಿಲ್ಲೆ?"

"ನೀವ್ ಒಂದೇ ಮಾತ್ ಹೇಳಿ ಅಂದ್ರಿ..."

"ಅಂದದ್ ಹೌದ್. ನಂಗ್ ಗೊತ್ತಿಲ್ದೆ ಅಂದೆ. ನಿಮ್ಗ್ ಗೊತ್ತಿತ್ತಲ್ದಾ?" ಅವರ ದನಿ ಏರಲಿಲ್ಲ. ಹುರುಳಿಯನ್ನು ಕೈಯಿಂದ ಹರಡುತ್ತಲೇ ಇದ್ದರು. "ಆ ಒಂದ್ ನಂಗ್ ಹೇಳಿದ್ರೆ, ಗದ್ದಿ ಹಡ್ಲ್ ಬಿದ್ರೆ ಬೀಳ್ಲಿ ಅಂದ್ಕಂಡ್ ನಾನೇ ಅವ್ಳನ್ ಕರ್ಕ ಹೋತಿದ್ದೆ. ನಿಮ್ಗ್ ಹತ್ತ್ ಜನ ಅಮ್ಮ. ನಂಗ್ ಇದ್ದದ್ದ್ ಒಬ್ಳೇ."

ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ, ಇದಕ್ಕೆ ಸಿದ್ಧಳಾಗಿರಲಿಲ್ಲ. ಒಂಬತ್ತು ಎಂದು ಬರೆದದ್ದು ನನ್ನ ಲೆಕ್ಕದಲ್ಲಿ ತಪ್ಪಾಗಿರಲಿಲ್ಲ. ಉಳಿದ ಒಂದನ್ನು ಯಾರಿಗೂ ತೋರಿಸದೆ ಕಂಕುಳಲ್ಲಿ ಇಟ್ಟುಕೊಂಡು, ಆಗುತ್ತದೆ ಎಂದದ್ದು ತಪ್ಪು. ಅದರ ಭಾರ ಹೊರುವವರು ಅವರು, ದಾಟುವುದೋ ಬೇಡವೋ ಎಂದು ನಿರ್ಧರಿಸಬೇಕಾದವರೂ ಅವರೇ. ಅವರ ಮುಖದ ಒಂದು ಗಳಿಗೆಯ ನೆಮ್ಮದಿಗಾಗಿ, ಒಂದು ಲೋಟ ಮಜ್ಜಿಗೆಯ ಪ್ರೀತಿಗಾಗಿ, ನಾನು ಅದನ್ನು ಬಚ್ಚಿಟ್ಟೆ. ಒಂಟಿಯಾಗಿ ಇರುವವರಿಗೆ ಜನರ ಪ್ರೀತಿ ಕಳೆದುಕೊಳ್ಳುವ ಹೆದರಿಕೆ ಹೆಚ್ಚು. ಹುಡುಗಿಯರೇ, ಇದನ್ನು ನಿಮಗೆ ಯಾವ ತರಬೇತಿಯಲ್ಲೂ ಹೇಳುವುದಿಲ್ಲ.

ಬೈಂದೂರಿನಲ್ಲಿ, ಆಮೇಲೆ ಹಾಲಾಡಿಯಲ್ಲಿ, ನಾನು ಒಂದು ಮಾತು ಹೇಳುವುದನ್ನು ಬಿಟ್ಟೆ. ಅಂಕೆಯನ್ನು ಬಾಯಿಬಿಟ್ಟು ಹೇಳುತ್ತಿದ್ದೆ. ಹತ್ತು ಕಡ್ಡಿ ತೆಗೆದು ಜಗಲಿಯ ಮೇಲೆ ಇಟ್ಟು, ಅದರಲ್ಲಿ ಒಂದನ್ನೋ ಎರಡನ್ನೋ ಬೇರೆ ಇಟ್ಟು ತೋರಿಸುತ್ತಿದ್ದೆ. ಜನರಿಗೆ ಅದು ಹಿಡಿಸಲಿಲ್ಲ. "ಬಾಯಲ್ಲಿ ಒಳ್ಳೇದೇ ಬತ್ತಿಲ್ಲೆ ಈ ಅಮ್ಮಂಗೆ" ಎಂದರು. ಕೆಲವರು ಆನೆಗುಡ್ಡೆಯ ದೇವರಿಗೆ ಹರಕೆ ಹೇಳಿಕೊಂಡು ನನ್ನನ್ನು ಬಿಟ್ಟು ಬೇರೆಯವರನ್ನು ಕರೆಸಿದರು. ಮಜ್ಜಿಗೆ ಕೊಡುವವರು ಕಡಿಮೆಯಾದರು. ಸಂಜೆಗಳು ಉದ್ದವಾದವು. ಪುಸ್ತಕ ಬರೆಯುವುದನ್ನು ಬಿಡಲಿಲ್ಲ, ಆದರೆ ಅದನ್ನು ತೆರೆದು ನೋಡುತ್ತ ಕೂರುವ ಅಭ್ಯಾಸ ಬಿಟ್ಟುಹೋಯಿತು.

ಬೈಂದೂರಿನಲ್ಲಿದ್ದಾಗ ಒಬ್ಬ ತಾಯಿ ಬೇರೆ ಇಟ್ಟ ಆ ಒಂದು ಕಡ್ಡಿಯನ್ನೇ ತುಂಬ ಹೊತ್ತು ನೋಡಿ, ಮಗಳನ್ನು ಕರೆದುಕೊಂಡು ಹೊಳೆ ದಾಟಿದಳು. ಮಗಳ ಮಾವ, ಗಂಡ, ಎಲ್ಲರೂ ಬೇಡವೆಂದಿದ್ದರಂತೆ. ಕಾರ್ಡು ಬಂತು: "ತಾನೇ ಹೆತ್ತಳು." ನಲವತ್ತು ದಿನ ಕಳೆದ ಮೇಲೆ ಆ ಮಗಳು ಕೂಸನ್ನು ಎದೆಗೆ ಅವಚಿಕೊಂಡು ನನ್ನ ಮನೆಗೇ ಬಂದಳು. ಬಾಗಿಲಲ್ಲೇ ನಿಂತು ಶುರುಮಾಡಿದಳು.

"ಎಂತಕ್ ಹಾಂಗ್ ಹೆದ್ರ್‌ಸಿದ್ರಿ ಅಮ್ಮ? ಎಂತದೂ ಆಯ್ಲಿಲ್ಲೆ ನಂಗೆ! ಸುಮ್ನೆ ಅಷ್ಟ್ ದೂರ ಹೊತ್ಕ ಹೋದ್ರ್. ನಮ್ಮ್ ಮಾವ ಈಗ್ಳೂ ನಗಾಡ್ತ್ರ್!"

"ಹೌದ್ ಮಗಾ, ತಪ್ಪಾಯ್ತ್" ಎಂದೆ.

ಅವಳಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ದೋಣಿಯಲ್ಲಿ ತಲೆ ತಿರುಗಿದ್ದು, ಆಸ್ಪತ್ರೆಯ ಅನ್ನ, ಬಸ್ಸಿನ ಕುಲುಕಾಟ, ಊರವರ ಕುಹಕ, ಒಂದೊಂದಾಗಿ ಹೇಳಿ ಬೈದಳು. ಕೆನ್ನೆ ಕೆಂಪಾಗಿತ್ತು, ದನಿ ಗಟ್ಟಿಯಾಗಿತ್ತು. ನಡುವೆ ಮಗು ಎದ್ದು ಅತ್ತಿತು, ಅದನ್ನು ತಟ್ಟಿ ಮಲಗಿಸಿ ಮತ್ತೆ ಮುಂದುವರಿಸಿದಳು. ನಾನು ಬಾಗಿಲಿಗೆ ಒರಗಿ ನಿಂತು, ಅವಳು ಇನ್ನೂ ಸ್ವಲ್ಪ ಹೊತ್ತು ಬೈಯಲಿ ಎಂದು ಕೇಳುತ್ತಲೇ ಇದ್ದೆ.